ಡೊಳ್ಳಪ್ಪನ ವಿದ್ಯಾಭ್ಯಾಸ

ಟೀಚರ್ ನಿವೃತ್ತರಾದ ಮೇಲೆ ಪಾಠ ಮಾಡುವುದನ್ನು ನಿಲ್ಲಿಸಿದರು ಎಂದು ಯಾರಾದರೂ ತಿಳಿದಿದ್ದರೆ ಅವರು ಆ ಬೀದಿಯವರಲ್ಲ. ಅಷ್ಟು ವರ್ಷ ಭೂಗೋಳ ಕಲಿಸಿದ ನಾಲಿಗೆ ಪಿಂಚಣಿ ಬಂತೆಂದು ಸುಮ್ಮನೆ ಮಲಗುವುದುಂಟೇ? ಹಾಲಿನವನು ಅವರ ಗೇಟಿನ ಬಳಿ ನಿಂತೂ ನಿಂತೂ ಮೋಡದ ಬಗೆಗಳನ್ನೆಲ್ಲ ಕಲಿತುಬಿಟ್ಟಿದ್ದ. ಅಂಚೆಯವನು ಸಾಗರದಲ್ಲಿ ಬಿಸಿ ಪ್ರವಾಹ ಎಲ್ಲಿ ಹರಿಯುತ್ತದೆ, ತಣ್ಣನೆಯದು ಎಲ್ಲಿ ಎಂದು ಕೇಳಿದವರಿಗೆಲ್ಲ ಹೇಳಬಲ್ಲವನಾಗಿದ್ದ; ಪಾಪ, ಯಾರೂ ಕೇಳುತ್ತಿರಲಿಲ್ಲ, ಅಷ್ಟೆ. ಇನ್ನು ಮನೆಯ ಯಜಮಾನರು. ಅವರು ಬಸ್ ಕಂಡಕ್ಟರ್ ಆಗಿ ದುಡಿದು ನಿವೃತ್ತರಾದವರು. ಆಯಸ್ಸಿನ ಅರ್ಧ ಭಾಗ ಜನರ ಗದ್ದಲದಲ್ಲೇ ಕಳೆದಿದ್ದರಿಂದ ಯಾವ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕು, ಯಾವುದನ್ನು ಕಿಟಕಿಯಿಂದ ಹೊರಗೆ ಬಿಡಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿಯ ಪಾಠ ಮುಗಿಯುವವರೆಗೆ ತಲೆಯಾಡಿಸಿ, ಕೊನೆಗೆ "ರೈಟ್" ಎಂದು ಎದ್ದು ಹೋಗುತ್ತಿದ್ದರು.

ಟೀಚರಿಗೆ ಒಂದೇ ಒಂದು ಕೊರಗಿತ್ತು. ಉಷ್ಣವಲಯದ ಪಾಠ ಬಂದಾಗಲೆಲ್ಲ ಅವರು ಕರಿಹಲಗೆಯ ಮೇಲೆ ಒಂದು ಪಾಮ್ ಮರ ಬರೆಯುತ್ತಿದ್ದರು. ಬರೆದೂ ಬರೆದೂ ಕೈ ಎಷ್ಟು ಪಳಗಿತ್ತೆಂದರೆ ಮಕ್ಕಳ ಕಡೆ ಮುಖ ಮಾಡಿಕೊಂಡೇ, ಹಿಂದಕ್ಕೆ ಕೈ ಚಾಚಿ, ಗರಿಗಳನ್ನು ಎಳೆಯುತ್ತಿದ್ದರು. ಆದರೆ ನಿಜವಾದ ಪಾಮ್ ಮರದ ಬುಡದಲ್ಲಿ ಅವರು ಒಮ್ಮೆಯೂ ನಿಂತವರಲ್ಲ. ಒಂದು ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಟೀಚರ್, ನೀವು ನೋಡಿದ್ದೀರಾ?" ಎಂದು ಕೇಳಿಬಿಟ್ಟಳು. "ಪಾಠಕ್ಕೆ ಸಂಬಂಧಪಟ್ಟಿದ್ದು ಕೇಳು" ಎಂದು ಅವಳನ್ನು ಕೂರಿಸಿದ್ದಾಯಿತು. ಹುಡುಗಿ ಕೂತಳು, ಪ್ರಶ್ನೆ ಮಾತ್ರ ಟೀಚರ್ ಜೊತೆ ಮನೆಗೆ ಬಂತು.

ಅವರ ಊರು ಬೆಚ್ಚಗಿನ ಊರೂ ಅಲ್ಲ, ತಣ್ಣನೆಯ ಊರೂ ಅಲ್ಲ. ಎರಡರ ನಡುವೆ ಮನಸ್ಸು ಮಾಡಲಾರದೆ ಕೂತ ಊರು. ವರ್ಷದ ಹೆಚ್ಚಿನ ಕಾಲ ಸ್ವೆಟರುಗಳು ಪೆಟ್ಟಿಗೆಯಲ್ಲೇ ಇರುತ್ತವೆ. ಚಳಿಗಾಲದ ನಡುವೆ ಮಾತ್ರ ಒಂದಷ್ಟು ದಿನ ಬೆಳಗ್ಗೆ ಬಾಗಿಲು ತೆರೆದರೆ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಾಗಿರುತ್ತದೆ, ಕಾಲಿಟ್ಟರೆ ಕರಕರ ಎನ್ನುತ್ತದೆ. ಮನುಷ್ಯರು ಇನ್ನೊಂದು ಲೋಟ ಚಹಾ ಕುಡಿದು ಅದನ್ನು ಸುಧಾರಿಸಿಕೊಳ್ಳುತ್ತಾರೆ. ನಾಜೂಕಿನ ಪಾಮ್ ಗಿಡಗಳ ಕಥೆ ಮುಗಿಸುವುದಕ್ಕೆ ಆ ಕೆಲವೇ ದಿನ ಸಾಕು.

ಇಂಥ ಊರಿಗೆ ಟೀಚರ್ ತರಿಸಿದ್ದು ಎಂಥ ಸಸಿ? ಚಳಿ ತಡೆಯುವ ಪಾಮ್ ಜಾತಿಗಳೂ ಇವೆ. ಬೇಕಾದರೆ ಅಂಥದ್ದೊಂದನ್ನು ನೆಟ್ಟು ನಿಶ್ಚಿಂತೆಯಾಗಿ ಇರಬಹುದಿತ್ತು. ಊಹೂಂ. ಬಾಟಲ್ ಪಾಮೇ ಆಗಬೇಕು. ಕಾಂಡ ಬುಡದಲ್ಲಿ ಸೀಸೆಯ ಹಾಗೆ ಉಬ್ಬಿ, ಮೇಲೆ ಕತ್ತು ಸಣ್ಣಗಾಗಿ, ತಲೆಯ ಮೇಲೆ ನಾಲ್ಕೈದೇ ಬಾಗಿದ ಗರಿ. ನೋಡಲು ಬಲು ಚಂದ, ಚಳಿ ಎಂದರೆ ಪ್ರಾಣ ಬಿಡುವ ಜಾತಿ. ನರ್ಸರಿಯವನು ಫೋನಿನಲ್ಲೇ ಎಚ್ಚರಿಸಿದ್ದ.

"ಅಮ್ಮಾ, ನಿಮ್ಮ ಕಡೆ ಇದು ಉಳಿಯಲ್ಲ. ಸುಮ್ನೆ ಯಾಕೆ ಮನಸ್ಸಿಗೆ ಬೇಜಾರು ಮಾಡ್ಕೋತೀರ?"

"ಉಳಿಯೋದು ಬಿಡೋದು ಕಲಿಸೋರ ಮೇಲಿದೆಯಪ್ಪಾ" ಎಂದು ಟೀಚರ್ ಫೋನಿಟ್ಟರು.

ಕಲಿಸುವುದು! ಅಲ್ಲೇ ಇತ್ತು ನೋಡಿ ಅವರ ಸಿದ್ಧಾಂತ. ಪಾಮ್ ಗಿಡ ಚಳಿಗೆ ಸಾಯುವುದು ಅದು ದಡ್ಡ ಎಂದಲ್ಲ, ಅದಕ್ಕೆ ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ ಎಂದು. ಮೊದಲ ವರ್ಷ ಮುದ್ದು ಮಾಡಬೇಕು, ಎರಡನೆಯ ವರ್ಷ ಸ್ವಲ್ಪ ಕೈ ಬಿಡಬೇಕು, ಆಮೇಲೆ ತನ್ನ ಕಾಲ ಮೇಲೆ ನಿಲ್ಲಲು ಬಿಡಬೇಕು. ತರಗತಿಯಲ್ಲಿ ನಡೆದದ್ದು ತೋಟದಲ್ಲಿ ಯಾಕೆ ನಡೆಯಬಾರದು?

ಮನೆಯ ಪಕ್ಕದ ಗೋಡೆಗೂ ಬೇಕರಿಯ ಹಿಂಗೋಡೆಗೂ ನಡುವೆ ಅವರಿಗೆ ಒಂದು ಉದ್ದನೆಯ ಕಿರಿದಾದ ಅಂಗಳವಿತ್ತು. ಗಾಳಿಯ ದಿಕ್ಕು, ಬಿಸಿಲಿನ ಓರೆ, ನೆರಳಿನ ಉದ್ದ ಎಲ್ಲವನ್ನೂ ನೋಡಿ, ಗಂಡನ ಕೈಯಲ್ಲಿ ಕೋಲು ಹಿಡಿಸಿ ಅಂಗಳದಲ್ಲಿ ಅತ್ತಿಂದಿತ್ತ ನಿಲ್ಲಿಸಿ, ಕೊನೆಗೆ ಬೇಕರಿಯ ಗೋಡೆಗೆ ಮೊಳದಷ್ಟು ಅಂತರದಲ್ಲಿ ಗುಂಡಿ ತೋಡಿಸಿದರು. ಎರಡು ವರ್ಷ ಕಳೆದು ಬುಡ ಉಬ್ಬಲು ಶುರುವಾದಾಗ ಯಜಮಾನರು ಗಿಡವನ್ನು ಮೇಲಿಂದ ಕೆಳಗೆ ನೋಡಿ, "ಹೊಟ್ಟೆ ಮುಂದೆ ಬಿಟ್ಕೊಂಡು ನಿಂತಿರೋ ಗತ್ತು ನೋಡು, ಥೇಟು ನಮ್ಮ ಡಿಪೋ ಮ್ಯಾನೇಜರ್! ಡೊಳ್ಳಪ್ಪ!" ಎಂದರು. ಟೀಚರ್ ಮುಖ ಸಿಂಡರಿಸಿದರು, ಆದರೆ ಹೆಸರು ಅಂಟಿಕೊಂಡಿತು. ವಾರದೊಳಗೆ ಅವರೇ "ಡೊಳ್ಳಪ್ಪನಿಗೆ ನೀರು ಹಾಕಿದ್ರಾ?" ಎಂದು ಕೇಳತೊಡಗಿದ್ದರು.

ಮೊದಲ ಚಳಿಗಾಲ ಡೊಳ್ಳಪ್ಪ ಟೀಚರ ಉಣ್ಣೆಯ ಶಾಲು ಹೊದ್ದ. ಬುಡಕ್ಕೆ ದಪ್ಪಗೆ ತರಗೆಲೆ, ಮೇಲೆ ಗೋಣಿಚೀಲ. ಎರಡನೆಯ ಚಳಿಗಾಲ ಹಳೆಯ ಬೆಡ್‌ಶೀಟು. ಮೂರನೆಯದಕ್ಕೆ ಬುಡಕ್ಕೆ ಎಲೆ ಮಾತ್ರ. ಆಮೇಲೆ ಏನೂ ಇಲ್ಲ. ಆದರೂ ಗಿಡ ನಳನಳಿಸುತ್ತಿತ್ತು! ಊರೆಲ್ಲ ಮುದುಡಿ ಕೂತಿದ್ದಾಗ ಅದು ಹಸಿರು ಗರಿ ಬಿಚ್ಚಿಕೊಂಡು ನಿಂತಿರುತ್ತಿತ್ತು. ಬೇಕರಿಯ ಹಳದಿ ಬೆಕ್ಕು ಕೂಡ ಚಳಿಗಾಲದಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ಅದರ ಬುಡದಲ್ಲೇ ಸುರುಳಿ ಸುತ್ತಿ ಮಲಗುತ್ತಿತ್ತು. "ಪ್ರಾಣಿಗಳಿಗೂ ಗೊತ್ತಾಗುತ್ತೆ, ಇಲ್ಲೇನೋ ವಿಶೇಷ ಇದೆ ಅಂತ" ಎಂದು ಟೀಚರ್ ಹೇಳುತ್ತಿದ್ದರು. ಬೆಕ್ಕಿಗೆ ಏನು ಗೊತ್ತಿತ್ತು ಎಂಬುದನ್ನು ಅವರು ವಿಚಾರಿಸಲು ಹೋಗಲಿಲ್ಲ.

ಅಲ್ಲಿಂದ ಟೀಚರ ಕಾಲು ನೆಲಕ್ಕೆ ತಾಗುವುದು ಕಷ್ಟವಾಯಿತು. ಊರಿನ ತೋಟಗಾರಿಕೆ ಸಂಘದಲ್ಲಿ ಅವರದೊಂದು ಭಾಷಣವಾಯಿತು, ಆಮೇಲೆ ಅದರ ಮುಂದುವರಿದ ಭಾಗ, ಆಮೇಲೆ ಹೊಸ ಸದಸ್ಯರಿಗಾಗಿ ಮತ್ತೆ ಮೊದಲಿನಿಂದ. ಕೇಳಿ ಮನಸೋತವರಲ್ಲಿ ಬೀದಿಯ ಕೊನೆಯ ಹಲ್ಲಿನ ಡಾಕ್ಟರೂ ಒಬ್ಬರು. ಬಾಯಿ ತೆರೆಸಿ ಕೆಲಸ ಮಾಡುವವರಾದರೂ ಸ್ವತಃ ಬಾಯಿ ತೆರೆಯದ ಮನುಷ್ಯ. ಅವರೂ ಒಂದು ಬಾಟಲ್ ಪಾಮ್ ನೆಟ್ಟು, ಟೀಚರ್ ಹೇಳಿದ ಹಾಗೆಯೇ ಶಾಲು, ಬೆಡ್‌ಶೀಟು, ಎಲೆ ಎಂದು ಒಂದೊಂದು ಮೆಟ್ಟಿಲು ಏರಿದರು. ಮೂರನೆಯ ಚಳಿಗಾಲ ಗಿಡ ಕಪ್ಪಾಗಿ ಬಿತ್ತು. ಇನ್ನೊಂದು ತಂದರು, ಅದೂ ಹೋಯಿತು. ಮತ್ತೊಂದು ತಂದರು. ಅದು ಶಾಲಿನ ಒಳಗೇ ಹೋಯಿತು.

"ಗಿಡದ ತಪ್ಪಲ್ಲ ಡಾಕ್ಟ್ರೇ" ಎಂದಿದ್ದರು ಟೀಚರ್, ಸಂಘದ ಎಲ್ಲರ ಎದುರಿಗೆ. "ನಿಮ್ಮಲ್ಲಿ ತಾಳ್ಮೆ ಕಡಿಮೆ. ಗಿಡಕ್ಕೆ ಅದು ಗೊತ್ತಾಗುತ್ತೆ."

ಡಾಕ್ಟರು ಕೆಂಪಗಾದ ಮುಖವನ್ನು ತಗ್ಗಿಸಿ ಕೂತಿದ್ದರು. ಅಂದಿನಿಂದ ಅವರು ಸಂಘಕ್ಕೆ ಬರುವುದನ್ನು ಕಡಿಮೆ ಮಾಡಿದರು. ಟೀಚರ್ ಅದನ್ನು ಗಮನಿಸಲಿಲ್ಲ.

ಗಮನಿಸಲು ಪುರುಸೊತ್ತಾದರೂ ಎಲ್ಲಿತ್ತು? ಅವರಿಗೆ ಬೇಕರಿಯವನ ಜೊತೆ ಒಂದು ಯುದ್ಧ ನಡೆಯುತ್ತಿತ್ತು. ಬೇಕರಿಯವನು ಅವರ ಹಳೆಯ ವಿದ್ಯಾರ್ಥಿ. ಭೂಪಟದಲ್ಲಿ ಮರುಭೂಮಿ ಗುರುತಿಸು ಎಂದರೆ ನೇರವಾಗಿ ಸಮುದ್ರದ ಮಧ್ಯೆ ಗುರುತು ಹಾಕಿದ್ದವನು. ಈಗ ಹೊಟ್ಟೆ, ಮೀಸೆ, ಅಂಗಡಿ ಎಲ್ಲವೂ ಬಂದಿದ್ದರೂ ಟೀಚರ ಎದುರಿಗೆ ಅವನು ಹಿಂದಿನ ಬೆಂಚಿನವನೇ. ಅವನ ಅಪ್ಪ ಕಟ್ಟಿಸಿದ ಇಟ್ಟಿಗೆಯ ಭಟ್ಟಿ, ಎಂದರೆ ಸೌದೆ ಉರಿಸಿ ಬ್ರೆಡ್ ಬೇಯಿಸುವ ದೊಡ್ಡ ಒಲೆ, ಟೀಚರ ಅಂಗಳದ ಕಡೆಯ ಗೋಡೆಗೇ ಅಂಟಿಕೊಂಡಿತ್ತು. ಬೆಳಗಿನ ಜಾವ ಹೊತ್ತಿಸಿದರೆ ಆ ಗೋಡೆ ಮಾರನೆಯ ದಿನ ಹೊತ್ತಿಸುವವರೆಗೂ ಆರುತ್ತಿರಲಿಲ್ಲ.

"ಲೋ, ನಿನ್ನ ಗೋಡೆ ಕಾವಲಿ ಕಾದ ಹಾಗೆ ಕಾಯುತ್ತಲ್ಲೋ! ಬೇಸಿಗೇಲಿ ನಾವು ಈ ಅಂಗಳದಲ್ಲಿ ಕೂರೋ ಹಾಗೇ ಇಲ್ಲ. ಸುಣ್ಣ ಎಲ್ಲ ಉದುರಿ ಬೀಳ್ತಿದೆ" ಎಂದು ಬ್ರೆಡ್ ಕೊಳ್ಳಲು ಹೋದಾಗಲೆಲ್ಲ ಟೀಚರ್ ಶುರುಮಾಡುವರು.

"ಆಯ್ತು ಟೀಚರ್, ಏನಾದ್ರೂ ಮಾಡ್ತೀನಿ" ಎಂದು ಅವನು ತಲೆ ಕೆರೆದುಕೊಳ್ಳುವನು.

"ಪ್ರತಿ ಸಲ ಇದೇ ಹೇಳ್ತೀಯ. ಶಾಲೇಲಿ ಹೋಮ್‌ವರ್ಕ್ ವಿಷಯದಲ್ಲೂ ಇದನ್ನೇ ಹೇಳ್ತಿದ್ದೆ."

ಅಂಗಡಿಯಲ್ಲಿ ನಿಂತ ಗಿರಾಕಿಗಳು ನಗುವರು. ಅವನೂ ನಗುವನು, ಆದರೆ ಅವನ ಕಿವಿ ಕೆಂಪಾಗುತ್ತಿತ್ತು.

ಕೊನೆಗೆ ಅವನು ಮಾಡಿಯೇ ಬಿಟ್ಟ. ಒಂದು ಬೇಸಿಗೆಯಲ್ಲಿ ಹಳೆಯ ಭಟ್ಟಿಯನ್ನು ಒಡೆಸಿ, ಇಟ್ಟಿಗೆಯನ್ನೆಲ್ಲ ಗಾಡಿಯಲ್ಲಿ ಸಾಗಿಸಿ, ಆ ಜಾಗಕ್ಕೆ ಬಿಳಿ ಟೈಲ್ಸ್ ಹಾಕಿಸಿದ. ಹೊಸ ಕರೆಂಟ್ ಓವನ್ ಅಂಗಡಿಯ ಆ ತುದಿಯಲ್ಲಿ, ಬೀದಿಯ ಕಡೆಗೆ ಬಂದು ಕೂತಿತು. ಒಂದು ಕೇಕ್ ಕಟ್ಟಿಕೊಂಡು ಟೀಚರ ಮನೆಗೇ ಬಂದು ಹೇಳಿದ:

"ಇನ್ಮೇಲೆ ನಿಮ್ಮ ಕಡೆ ಗೋಡೆ ಬಿಸಿ ಆಗಲ್ಲ ಟೀಚರ್. ನಿಮ್ಮ ಮಾತು ನಡೆಸಿದ್ದೀನಿ, ಇನ್ನಾದ್ರೂ ನನ್ನ ಪಾಸ್ ಮಾಡಿ."

ಟೀಚರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು. ಅಂಗಳಕ್ಕೆ ಹೊಸ ಸುಣ್ಣ ಬಳಿಸಿದರು. ಆ ಬೇಸಿಗೆ ಗಂಡ ಹೆಂಡತಿ ಇಬ್ಬರೂ ಸಂಜೆ ಡೊಳ್ಳಪ್ಪನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಹಾಯಾಗಿ ಕೂತರು. ಕೇಕ್ ಕೂಡ ಚೆನ್ನಾಗಿತ್ತು.

ಮುಂದೆ ಚಳಿಗಾಲ ಬಂತು. ಡೊಳ್ಳಪ್ಪ ಓದು ಮುಗಿಸಿದವನಾದ್ದರಿಂದ ಅವನಿಗೆ ಹೊದಿಕೆಯ ಮಾತೇ ಇರಲಿಲ್ಲ. ಹುಲ್ಲು ಮೊದಲ ಸಲ ಬೆಳ್ಳಗಾದ ಬೆಳಗ್ಗೆ ಟೀಚರ್ ಅಂಗಳಕ್ಕೆ ಬಂದು ನೋಡುತ್ತಾರೆ, ಕೆಳಗಿನ ಗರಿಯ ಮೇಲೆ ಕಂದು ಚುಕ್ಕೆಗಳು. ಸುಟ್ಟ ಹಾಗೆ. ಎರಡು ದಿನದಲ್ಲಿ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಪಟ್ಟೆಯಾದವು, ಗರಿ ಜೋತುಬಿತ್ತು. ಟೀಚರ್ ಮೊದಲು ಗೊಬ್ಬರವನ್ನು ಬೈದರು. ಆಮೇಲೆ ನೀರನ್ನು. ಆಮೇಲೆ ಹೊಸ ಸುಣ್ಣದ ವಾಸನೆ ಗಿಡಕ್ಕೆ ಆಗಿಬರಲಿಲ್ಲ ಎಂದರು. ಗಂಡನನ್ನೂ ಬಿಡಲಿಲ್ಲ.

"ನೀವು ಅದರ ಪಕ್ಕ ಕೂತು ಸಿಗರೇಟ್ ಸೇದಿದ್ದೇ ಕಾರಣ."

"ನಾನು ಸಿಗರೇಟ್ ಬಿಟ್ಟು ಎಷ್ಟು ವರ್ಷ ಆಯ್ತೇ?"

"ಆವಾಗ ಸೇದಿದ್ದು."

"ರೈಟ್" ಎಂದರು ಯಜಮಾನರು. ಆದರೆ ಈ ಸಲ ಎದ್ದು ಹೋಗಲಿಲ್ಲ. ಹೆಂಡತಿಯ ಮುಖ ನೋಡಿದರೆ ಎದ್ದು ಹೋಗುವ ಹಾಗೆ ಇರಲಿಲ್ಲ.

ಅವತ್ತು ಬ್ರೆಡ್ ತರಲು ಹೋದ ಟೀಚರಿಗೆ ಅಂಗಡಿಯೊಳಗೆ ಹೊಸ ಓವನ್ನಿನ ಪಕ್ಕದಲ್ಲಿ, ಹಿಟ್ಟಿನ ಖಾಲಿ ಚೀಲದ ಮೇಲೆ, ಹಳದಿ ಬೆಕ್ಕು ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿದ್ದು ಕಂಡಿತು.

"ಇದ್ಯಾಕೋ ಇಲ್ಲಿ? ಈ ಸಲ ನಮ್ಮ ಡೊಳ್ಳಪ್ಪನ ಹತ್ರ ಬರಲೇ ಇಲ್ಲ."

"ಬೆಕ್ಕಲ್ವಾ ಟೀಚರ್" ಎಂದು ಬೇಕರಿಯವನು ಬ್ರೆಡ್ ಕಾಗದದಲ್ಲಿ ಸುತ್ತುತ್ತ ಹೇಳಿದ. "ಎಲ್ಲಿ ಬೆಚ್ಚಗಿರುತ್ತೋ ಅಲ್ಲಿಗೆ ಹೋಗುತ್ತೆ. ಮೊದಲು ನಿಮ್ಮ ಕಡೆ ಗೋಡೆ ಬೆಚ್ಚಗಿತ್ತು, ಅಲ್ಲಿಗೆ ಬರ್ತಿತ್ತು."

ಅವನು ಏನೂ ಮನಸ್ಸಿನಲ್ಲಿ ಇಟ್ಟುಕೊಂಡು ಹೇಳಿದ ಮಾತಲ್ಲ. ಹೇಳಿದವನೇ ಮುಂದಿನ ಗಿರಾಕಿಯ ಕಡೆ ತಿರುಗಿದ. ಟೀಚರ್ ಮಾತ್ರ ನಿಂತಲ್ಲೇ ನಿಂತರು. ಮನೆಗೆ ಬಂದವರೇ ಚಪ್ಪಲಿ ಬಿಡದೆ ಅಂಗಳಕ್ಕೆ ನಡೆದು, ಹೊಸ ಸುಣ್ಣ ಬಳಿದ ಗೋಡೆಯ ಮೇಲೆ ಅಂಗೈ ಊರಿದರು. ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

ಶಾಲು ಕಲಿಸಿರಲಿಲ್ಲ. ಬೆಡ್‌ಶೀಟು ಕಲಿಸಿರಲಿಲ್ಲ. ತಾವೂ ಏನೂ ಕಲಿಸಿರಲಿಲ್ಲ. ಇಷ್ಟು ವರ್ಷ ಈ ಗಿಡವನ್ನು ಕಾಪಾಡಿದ್ದು ತಾವು ದಿನಾ ಬೈಯುತ್ತಿದ್ದ ಗೋಡೆ, ಅದನ್ನು ಕಾಯಿಸುತ್ತಿದ್ದ ಭಟ್ಟಿಯನ್ನು ಒಡೆಸಿದ್ದೂ ತಾವೇ. ಟೀಚರಿಗೆ ಮೊದಲು ನಾಚಿಕೆಯಾಯಿತು. ಮೈಯೆಲ್ಲ ಬಿಸಿಯಾಗುವಂಥ ನಾಚಿಕೆ. ಅದರ ಹಿಂದೆಯೇ ಭಯ ಬಂತು, ಮತ್ತು ಆ ಭಯದ ಎದುರಿಗೆ ನಾಚಿಕೆ ಏನೇನೂ ಅಲ್ಲವೆನಿಸಿತು. ಪಾಮ್ ಜಾತಿಗೆ ಇರುವುದು ಒಂದೇ ಸುಳಿ. ಬೇರೆ ಮರಗಳ ಹಾಗೆ ಪಕ್ಕದಿಂದ ಚಿಗುರಿ ಬದುಕಿಕೊಳ್ಳುವ ಉಪಾಯ ಅದಕ್ಕೆ ಗೊತ್ತಿಲ್ಲ. ನಡುನೆತ್ತಿಯಲ್ಲಿ ಬಿಚ್ಚದೆ ನಿಂತ ಎಳೆ ಗರಿಯ ಬುಡ ಒಮ್ಮೆ ಕೊಳೆಯಿತೆಂದರೆ ಮುಗಿಯಿತು. ಟೀಚರ್ ಸ್ಟೂಲು ಹತ್ತಿ, ಉಸಿರು ಬಿಗಿಹಿಡಿದು, ಎರಡು ಬೆರಳಲ್ಲಿ ಸುಳಿಯನ್ನು ಮೆಲ್ಲಗೆ ಜಗ್ಗಿ ನೋಡಿದರು. ಗಟ್ಟಿಯಾಗಿತ್ತು. ಇಳಿದು ಬಂದು ಅಡುಗೆಮನೆಯಲ್ಲಿ ಒಬ್ಬರೇ ಕೂತು ಅತ್ತರು.

ಶಾಲು ಹೊರಬಂತು. ಗೋಣಿಚೀಲ, ತರಗೆಲೆ, ಬೆಡ್‌ಶೀಟು, ಯಜಮಾನರ ಹಳೆಯ ಖಾಕಿ ಕೋಟು, ಎಲ್ಲವೂ ಡೊಳ್ಳಪ್ಪನ ಮೈಯೇರಿದವು.

"ಪಾಸಾದ ಹುಡುಗನಿಗೆ ಮತ್ತೆ ಟ್ಯೂಷನ್ನಾ?" ಎಂದರು ಯಜಮಾನರು.

ಟೀಚರ್ ಉತ್ತರ ಕೊಡಲಿಲ್ಲ. ಮದುವೆಯಾದಾಗಿನಿಂದ ಹೆಂಡತಿ ಉತ್ತರ ಕೊಡದೆ ಇದ್ದದ್ದು ನೋಡಿರದ ಯಜಮಾನರಿಗೆ ಗಾಬರಿಯಾಯಿತು. ಸುಮ್ಮನೆ ಹೋಗಿ ಇನ್ನೊಂದು ಕಂಬಳಿ ತಂದರು. ಆಗ ಅವರು ಎಲ್ಲವನ್ನೂ ಗಂಡನಿಗೆ ಹೇಳಿದರು: ಬೆಕ್ಕು, ಗೋಡೆ, ಭಟ್ಟಿ. ಹೇಳಿ ಮುಗಿಸಿ, "ನಗಿ ಬೇಕಾದ್ರೆ" ಎಂದರು.

ಯಜಮಾನರು ನಗಲಿಲ್ಲ. "ಇನ್ನೂ ಚಳಿ ಜಾಸ್ತಿ ಆಗುತ್ತಂತೆ. ರೇಡಿಯೋದಲ್ಲಿ ಹೇಳಿದ್ರು, ಈ ವಾರದ ಕೊನೇಲಿ" ಎಂದರು. "ಈ ಕಂಬಳಿ ಎಲ್ಲ ಅದಕ್ಕೆ ಸಾಲಲ್ಲ. ಅವನನ್ನೇ ಹೋಗಿ ಕೇಳು."

"ಏನಂತ ಕೇಳ್ಲಿ? ಒಡೆಸಿದ ಭಟ್ಟಿ ಮತ್ತೆ ಕಟ್ಟಪ್ಪಾ ಅಂತಾನಾ?"

"ಭಟ್ಟಿ ಇಲ್ಲಿಗೆ ಬರಲ್ಲ. ಡೊಳ್ಳಪ್ಪ ಅಲ್ಲಿಗೆ ಹೋಗಬಹುದಲ್ಲ."

ಮಾರನೆಯ ದಿನ ಟೀಚರ್ ಬೇಕರಿಗೆ ಹೋದರು. ಭಟ್ಟಿ ಇದ್ದ ಜಾಗ ಬಿಳಿ ಟೈಲ್ಸ್ ಹೊಳೆಯುತ್ತ ಖಾಲಿ ಬಿದ್ದಿತ್ತು. ಹಳೆಯ ಕಟ್ಟಡ, ಎತ್ತರದ ಮಾಡು, ಮೇಲೆ ದೊಡ್ಡ ಕಿಟಕಿ. ಒಳಗೆಲ್ಲ ಓವನ್ನಿನ ಹಿತವಾದ ಬಿಸಿ. ಕೌಂಟರಿನ ಮುಂದೆ ಹಲ್ಲಿನ ಡಾಕ್ಟರು ಬನ್ ಕೊಳ್ಳುತ್ತ ನಿಂತಿದ್ದರು. ಅವರನ್ನು ಕಂಡು ಟೀಚರಿಗೆ ಹಿಂದಿರುಗಿ ಹೋಗಿಬಿಡೋಣ ಎನಿಸಿತು. ಡಾಕ್ಟರು ಹೋಗುವವರೆಗೆ ಬಿಸ್ಕತ್ತಿನ ಡಬ್ಬಗಳನ್ನು ನೋಡುತ್ತ ಕಾಲ ತಳ್ಳಿದರೆ ಆಯಿತು ಎಂದುಕೊಂಡರು. ನಾಲ್ಕು ಡಬ್ಬ ನೋಡಿದರು. ಐದನೆಯದಕ್ಕೆ ಮನಸ್ಸು ಒಪ್ಪಲಿಲ್ಲ.

"ಡಾಕ್ಟ್ರೇ" ಎಂದರು. "ನಿಮ್ಮ ಗಿಡಗಳು ನಿಮ್ಮ ತಾಳ್ಮೆ ಕಡಿಮೆ ಆಗಿ ಸತ್ತಿದ್ದಲ್ಲ. ನಾನು ಹೇಳಿಕೊಟ್ಟಿದ್ದೇ ತಪ್ಪು. ನನ್ನ ಗಿಡ ಬದುಕಿದ್ದು ನನ್ನಿಂದ ಅಲ್ಲ, ಇವನ ಭಟ್ಟಿಯಿಂದ. ನನಗೆ ಗೊತ್ತಿರಲಿಲ್ಲ."

ಡಾಕ್ಟರು ಬನ್ನಿನ ಪೊಟ್ಟಣ ಹಿಡಿದು ಬಿಟ್ಟ ಕಣ್ಣು ಬಿಟ್ಟಂತೆ ನಿಂತರು. ಬೇಕರಿಯವನ ಕೈ ತಕ್ಕಡಿಯ ಮೇಲೆಯೇ ಉಳಿಯಿತು. ಟೀಚರ ಬಾಯಿಂದ "ಗೊತ್ತಿರಲಿಲ್ಲ" ಎಂಬ ಪದ ಬಂದದ್ದನ್ನು ಅವನು ಶಾಲೆಯಲ್ಲೂ ಕೇಳಿರಲಿಲ್ಲ, ಬೀದಿಯಲ್ಲೂ ಕೇಳಿರಲಿಲ್ಲ.

ಟೀಚರ್ ಅದೇ ಉಸಿರಿನಲ್ಲಿ ಅವನ ಕಡೆ ತಿರುಗಿದರು. "ಆ ಖಾಲಿ ಜಾಗದಲ್ಲಿ ಡೊಳ್ಳಪ್ಪನ್ನ ಇಟ್ಕೋತೀಯಾ? ಇಲ್ಲಾಂದ್ರೆ ಈ ವಾರ ದಾಟಲ್ಲ ಅವನು."

ಬೇಕರಿಯವನು ತಕ್ಷಣ ಒಪ್ಪಲಿಲ್ಲ. ಅಲ್ಲಿ ತಂಪು ಪಾನೀಯದ ಫ್ರಿಜ್ ಇಡಬೇಕೆಂದು ಅವನು ಲೆಕ್ಕ ಹಾಕಿದ್ದ. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಗಿರಾಕಿಗಳ ಎದುರಿಗೆ ಕಿವಿ ಕೆಂಪು ಮಾಡಿಸಿಕೊಂಡವನು ಅವನು. ಮೀಸೆ ತಿರುವಿಕೊಂಡ.

"ಇಟ್ಕೋತೀನಿ ಟೀಚರ್. ಆದ್ರೆ ಎರಡು ಮಾತು. ಒಂದು ಸಲ ಒಳಗೆ ಬಂದ್ಮೇಲೆ ಗಿಡ ಅಂಗಡೀದು. ಬೇಸಿಗೆ ಬಂತು ಹೊರಗೆ ತಗೊಂಡು ಹೋಗ್ತೀನಿ, ಚಳಿ ಬಂತು ಒಳಗೆ ತರ್ತೀನಿ ಅಂದ್ರೆ ನನ್ನ ಕೈಲಾಗಲ್ಲ. ಎರಡನೇದು..." ಅವನು ಗಂಟಲು ಸರಿಮಾಡಿಕೊಂಡ. "ನೀವು ಇಲ್ಲಿ ನಿಂತು ನನ್ನ ಗಿರಾಕಿಗಳಿಗೆ ಪಾಠ ಮಾಡಬಾರದು. ಗಿಡದ ಬಗ್ಗೆ ಯಾರು ಏನೇ ಕೇಳಿದ್ರೂ ನಾನು ಹೇಳ್ತೀನಿ, ನೀವು ಹೇಳಬಾರದು."

ಇಂಥ ಷರತ್ತು! ಇದರ ಬದಲು ಅವನು ಮನೆ ಬರೆದುಕೊಡಿ ಎಂದಿದ್ದರೂ ಟೀಚರ್ ಇಷ್ಟು ಬೆಚ್ಚಿಬೀಳುತ್ತಿರಲಿಲ್ಲ. ಡೊಳ್ಳಪ್ಪ ತಮ್ಮವನಾಗಿ ಉಳಿಯುವುದಿಲ್ಲ. ಸಂಘದಲ್ಲಿ ಹೇಳಿಕೊಳ್ಳುವುದಕ್ಕೆ ಏನೂ ಇರುವುದಿಲ್ಲ. ಕಣ್ಣೆದುರಿಗೇ ಇದ್ದರೂ ಬಾಯಿಗೆ ಬೀಗ. ಟೀಚರ್ ಖಾಲಿ ಜಾಗವನ್ನು ನೋಡಿದರು, ಕಿಟಕಿಯಿಂದ ಅಲ್ಲಿಗೆ ಬೀಳುತ್ತಿದ್ದ ಬಿಸಿಲನ್ನು ನೋಡಿದರು.

"ಸರಿ" ಎಂದರು.

"ಎರಡಕ್ಕೂನಾ?"

"ಎರಡಕ್ಕೂ ಕಣೋ. ಬೇಗ ಜಾಗ ಮಾಡು."

ಮಧ್ಯಾಹ್ನದ ಬಿಸಿಲಿನಲ್ಲಿ ಅಗೆಯುವ ಕೆಲಸ ಶುರುವಾಯಿತು. ಬೇಕರಿಯವನು ಎಣ್ಣೆಯ ಹಳೆಯ ಡ್ರಮ್ಮೊಂದನ್ನು ನಡುವಿಗೆ ಕತ್ತರಿಸಿ, ಅಡಿಯಲ್ಲಿ ನೀರು ಇಳಿಯಲು ತೂತು ಮಾಡಿ ತಂದ. ಯಜಮಾನರು ಸಲಿಕೆ ಹಿಡಿದರು. ಯಾರೂ ಕರೆಯದಿದ್ದರೂ ಹಲ್ಲಿನ ಡಾಕ್ಟರು ಕ್ಲಿನಿಕ್ಕಿನ ಬಾಗಿಲು ಹಾಕಿಕೊಂಡು, ತೋಳು ಮಡಚಿಕೊಂಡು ಅಂಗಳಕ್ಕೆ ಬಂದು ನಿಂತರು.

"ನೀವ್ಯಾಕೆ ತೊಂದರೆ ತಗೋತೀರಿ ಡಾಕ್ಟ್ರೇ?" ಎಂದರು ಟೀಚರ್. ಅವರ ದನಿ ಸಣ್ಣದಾಗಿತ್ತು.

"ಬೇರು ಸಮೇತ ತೆಗೆಯೋದು ನಾನು ಓದಿ ಕಲಿತಿರೋ ವಿದ್ಯೆ. ಬೇರೆಯವರ ಕೈಗೆ ಕೊಟ್ರೆ ಮುರೀತಾರೆ" ಎಂದು ಡಾಕ್ಟರು ಮಂಡಿಯೂರಿ ಕೂತರು. ಆ ಮೌನಿ ಮನುಷ್ಯನಿಂದ ಅಷ್ಟು ಉದ್ದದ ಮಾತನ್ನು ಬೀದಿಯವರು ಯಾರೂ ಕೇಳಿರಲಿಲ್ಲ. ಗುದ್ದಲಿಯನ್ನು ದೂರವಿಟ್ಟು, ಪುಟ್ಟ ಸಲಿಕೆಯಲ್ಲಿ ಸುತ್ತಲೂ ಮಣ್ಣು ಬಿಡಿಸುತ್ತ ಹೋದರು. ಬುಡದ ಮಣ್ಣಿನ ಮುದ್ದೆ ಒಡೆಯದ ಹಾಗೆ ಅದಕ್ಕೆ ಗೋಣಿಚೀಲ ಸುತ್ತಿ ಹುರಿಯಿಂದ ಬಿಗಿದರು. ಗೋಡೆಯ ಕಡೆಯ ಬೇರುಗಳೇ ದಟ್ಟವಾಗಿದ್ದವು. ಗೋಡೆಯ ತಳಪಾಯಕ್ಕೆ ಒತ್ತಿಕೊಂಡು ಹೆಣೆದುಕೊಂಡಿದ್ದವು. ಗಿಡಕ್ಕೆ ಎಲ್ಲವೂ ಗೊತ್ತಿತ್ತು, ಟೀಚರಿಗೆ ಹೇಳಿರಲಿಲ್ಲ, ಅಷ್ಟೆ. ಡಾಕ್ಟರು ಆ ಬೇರುಗಳನ್ನು ಒಂದೊಂದಾಗಿ ಬಿಡಿಸಿದರು.

ನಾಲ್ವರೂ ಸೇರಿ ಡೊಳ್ಳಪ್ಪನನ್ನು ಒಂದು ಹಲಗೆಯ ಮೇಲೆ ಮಲಗಿಸಿ ಎತ್ತಿದರು. ಒಂದು ಮೂಲೆ ಟೀಚರದು. ಬೇಡವೆಂದರೂ ಕೇಳಲಿಲ್ಲ. ಅಂಗಳದಿಂದ ಬೀದಿಗೆ, ಬೀದಿಯಿಂದ ಬೇಕರಿಯ ಬಾಗಿಲಿಗೆ. ದಾರಿಯುದ್ದಕ್ಕೂ ಯಜಮಾನರು ಮುಂದಿನ ಮೂಲೆ ಹಿಡಿದು ನಡೆಯುತ್ತ "ಹಿಂದೆ ನೋಡ್ಕೊಳ್ಳಿ, ಬರ್ಲಿ ಬರ್ಲಿ, ಹೋಲ್ಡಾನ್! ಎಡಕ್ಕೆ ಸ್ವಲ್ಪ... ರೈಟ್, ರೈಟ್!" ಎಂದು ಕೂಗಿದರು. ನಿವೃತ್ತರಾದ ಮೇಲೆ ಅಷ್ಟು ಖುಷಿಯಲ್ಲಿ ಅವರನ್ನು ಯಾರೂ ಕಂಡಿರಲಿಲ್ಲ. ಬೀದಿಯ ಜನ ಮೆಟ್ಟಿಲಿಗೆ ಬಂದು ನೋಡಿದರು. ಖಾಕಿ ಕೋಟು ಹೊದ್ದು ಮಲಗಿದ್ದ ಡೊಳ್ಳು ಹೊಟ್ಟೆಯನ್ನು ದೂರದಿಂದ ಕಂಡ ಒಬ್ಬರು, ಯಾರಿಗೆ ಏನಾಯಿತಪ್ಪಾ ಎಂದು ಗಾಬರಿಯಿಂದ ಓಡಿಬಂದರು.

ವಾರದ ಕೊನೆಯ ಚಳಿ ರೇಡಿಯೋದವರು ಹೇಳಿದ್ದಕ್ಕಿಂತ ಜೋರಾಗಿಯೇ ಬಂತು. ಬೀದಿಯ ನಲ್ಲಿಗಳಲ್ಲಿ ನೀರು ಹೆಪ್ಪುಗಟ್ಟಿತು. ಟೀಚರ ಅಂಗಳದಲ್ಲಿ ದಾಸವಾಳ ಕೂಡ ಕಪ್ಪಾಗಿ ಬಿತ್ತು. ಬೇಕರಿಯೊಳಗೆ ಡೊಳ್ಳಪ್ಪ ಇದ್ದ, ಆದರೆ ಇದ್ದಾನೋ ಇಲ್ಲವೋ ತಿಳಿಯುವ ಹಾಗಿರಲಿಲ್ಲ. ಗರಿಗಳೆಲ್ಲ ಒಂದೊಂದಾಗಿ ಒಣಗಿ ಉದುರಿ, ಕೊನೆಗೆ ಬೋಳು ಹೊಟ್ಟೆ, ಅದರ ಮೇಲೆ ಪೆನ್ಸಿಲಿನ ಹಾಗೆ ಸೆಟೆದು ನಿಂತ ಒಂದು ಸುಳಿ, ಅಷ್ಟೇ ಉಳಿದವು. ಫ್ರಿಜ್ ಇಟ್ಟಿದ್ದರೇ ಚೆನ್ನಾಗಿತ್ತು ಎಂದು ಗಿರಾಕಿಗಳು ಹೇಳುತ್ತಿದ್ದರು. ಟೀಚರ್ ದಿನವೂ ಬಂದು ನೋಡುವರು, ತುಟಿ ಪಿಟಕ್ಕೆನ್ನದೆ ಬ್ರೆಡ್ ಹಿಡಿದು ಹೋಗುವರು. ಸುಳಿಯನ್ನು ಜಗ್ಗಿ ನೋಡುವ ಧೈರ್ಯ ಅವರಿಗೆ ಮತ್ತೆ ಬರಲಿಲ್ಲ.

ಚಳಿ ಹೋಯಿತು. ಒಂದು ಬೆಳಗ್ಗೆ ಬೇಕರಿಯವನು ಅಂಗಡಿಯ ಬಾಗಿಲಿನಿಂದಲೇ "ಟೀಚರ್! ಟೀಚರ್!" ಎಂದು ಶಾಲೆಯ ಹುಡುಗನ ಹಾಗೆ ಕೂಗಿದ. ಸುಳಿ ಬಾಯಿ ಬಿಟ್ಟಿತ್ತು. ಬಿಚ್ಚಿದ ಗರಿ ಏನೂ ಚಂದವಿರಲಿಲ್ಲ. ತುದಿ ಸುಟ್ಟಿತ್ತು, ಒಂದು ಕಡೆ ಹರಿದಿತ್ತು, ಸೊಟ್ಟಗೆ ವಾಲಿತ್ತು. ಆದರೆ ಬುಡದಲ್ಲಿ ಹಸಿರಾಗಿತ್ತು, ಅದರ ನಡುವಿನಿಂದ ಇನ್ನೊಂದು ಸುಳಿ ಇಣುಕುತ್ತಿತ್ತು. ಟೀಚರ್ ಕೌಂಟರನ್ನು ಹಿಡಿದುಕೊಂಡು ನಿಂತರು. ಏನೋ ಹೇಳಲು ಬಾಯಿ ತೆರೆದರು, ಅಂಗಡಿಯಲ್ಲಿ ಗಿರಾಕಿಗಳಿದ್ದುದನ್ನು ಕಂಡು ಮುಚ್ಚಿಕೊಂಡರು.

ಅಲ್ಲಿಂದ ಡೊಳ್ಳಪ್ಪ ಹಿಂದಿರುಗಿ ನೋಡಲಿಲ್ಲ. ಮುಂದಿನ ವರ್ಷದ ಹೊತ್ತಿಗೆ ಅವನ ಗರಿಗಳು ಬನ್ನಿನ ತಟ್ಟೆಗಳ ಮೇಲೆ ನೆರಳು ಹಾಕತೊಡಗಿದ್ದವು. ಬೇಕರಿಗೆ ಜನ "ಪಾಮ್ ಬೇಕರಿ" ಎನ್ನತೊಡಗಿದರು. ಊರಲ್ಲಿ ಎಲ್ಲೂ ಬೆಳೆಯದ ಮರ ಇವನ ಅಂಗಡಿಯಲ್ಲಿ ಬೆಳೆದಿದೆ ಎಂದು ದೂರದಿಂದ ನೋಡಲು ಬಂದು, ಬಂದ ಮೇಲೆ ಬ್ರೆಡ್ಡನ್ನೂ ಕೊಳ್ಳುತ್ತಿದ್ದರು. ಬೇಕರಿಯವನು ಎದೆಯುಬ್ಬಿಸಿ ಎಲ್ಲರಿಗೂ ವಿವರಿಸುತ್ತಿದ್ದ. ಅವನ ವಿವರಣೆ ಕೇಳಿದರೆ ದೇವರಿಗೇ ಪ್ರೀತಿ. ಆದರೂ ಟೀಚರ್ ಷರತ್ತು ಮುರಿಯಲಿಲ್ಲ. ಸಾಲಿನಲ್ಲಿ ನಿಂತು, ಕೆಳತುಟಿ ಕಚ್ಚಿಕೊಂಡು, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಒಂದು ದಿನ ಹೊಸಬನೊಬ್ಬ, ಕೈಯಲ್ಲಿ ಕ್ಯಾಮೆರಾ ಹಿಡಿದವನು, ಮರದ ಸುತ್ತ ಬಂದು ಕೇಳಿದ.

"ಎಲ್ಲಿಯ ಜಾತಿ ಇದು?"

"ಮರುಭೂಮಿದು ಸಾರ್" ಎಂದ ಬೇಕರಿಯವನು ಧೈರ್ಯವಾಗಿ. "ಹೊಟ್ಟೇಲಿ ನೀರು ತುಂಬಿಟ್ಕೊಳ್ಳುತ್ತೆ. ಒಂಟೆ ಇದ್ದ ಹಾಗೆ."

ಸಮುದ್ರದ ನಡುವಿನ ದ್ವೀಪದ ಮರ ಅದು. ಟೀಚರ ಮೈಯಲ್ಲಿ ಮುಳ್ಳು ಚುಚ್ಚಿದ ಹಾಗಾಯಿತು. ಹಿಂದೆ ನಿಂತಿದ್ದ ಡಾಕ್ಟರು ಅವರನ್ನೇ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಹೊಸಬನಿಗೂ ಏನೋ ಅನಿಸಿರಬೇಕು, ಟೀಚರ ಕಡೆ ತಿರುಗಿದ.

"ನೀವು ತುಂಬ ಹೊತ್ತಿಂದ ನೋಡ್ತಾ ಇದ್ದೀರಲ್ಲಮ್ಮಾ. ನಿಮಗೆ ಈ ಮರದ ಬಗ್ಗೆ ಗೊತ್ತಾ?"

ಬೇಕರಿಯವನ ಕಿವಿ ಮೆಲ್ಲಗೆ ಕೆಂಪಾಗತೊಡಗಿತು. ಟೀಚರ್ ತಲೆಯೆತ್ತಿ ನೋಡಿದರು. ಮೇಲೆ ಇನ್ನೊಂದು ಗರಿ, ಅರ್ಧ ಬಿಚ್ಚಿಕೊಂಡು, ಕಿಟಕಿಯ ಬಿಸಿಲಿನಲ್ಲಿ ಮಿರುಗುತ್ತಿತ್ತು.

"ನಂಗೇನೂ ಗೊತ್ತಿಲ್ಲಪ್ಪ" ಎಂದರು. "ಬೆಳೆಸಿರೋದು ಅವನು, ಅವನನ್ನೇ ಕೇಳಿ."

ಎರಡು ಬ್ರೆಡ್ ಕೊಂಡರು. ಮನೆಯಲ್ಲಿ ಬೆಳಗ್ಗೆ ತಂದಿದ್ದೇ ಇನ್ನೂ ಹಾಗೇ ಇತ್ತು.